ಕೀಲ್‌ಗೊಂದು ಕೀಲು

ಮೊದಲ ವರ್ಷ ಆ ಸದ್ದು ಕೇಳಿದಾಗಲೆಲ್ಲ ಎದ್ದು ಕೂರುತ್ತಿದ್ದೆ. ಲಂಗರು ಹಾಕಿ ಮಲಗಿದ ರಾತ್ರಿ, ಎಲ್ಲೋ ದೂರ ಹಾದುಹೋದ ಹಡಗಿನ ಅಲೆ ತಡವಾಗಿ ಬಂದು ದೋಣಿಯನ್ನು ಒಂದು ಮಗ್ಗುಲಿಗೆ ಹೊರಳಿಸಿದರೆ ಹಾಸಿಗೆಯ ಕೆಳಗಿಂದ ‘ಟಕ್’. ಇನ್ನೊಂದು ಮಗ್ಗುಲಿಗೆ ಹೊರಳಿದರೆ ಮತ್ತೊಂದು ‘ಟಕ್’. ಎರಡನೆಯ ವರ್ಷದ ಹೊತ್ತಿಗೆ, ದೋಣಿಗೆ ಬಂದವರಿಗೆ ನಾನೇ ಸಮಾಧಾನ ಹೇಳುವಷ್ಟು ಪಳಗಿದ್ದೆ: “ಅದು ಕೀಲ್, ಅದು ಹಾಗೇ, ಮಲಕ್ಕೊಳ್ಳಿ.” ಮೂರನೆಯ ವರ್ಷ ನನ್ನ ಗೆಳೆಯನ ಮಗಳು ಬೆಳಿಗ್ಗೆ ಕಣ್ಣುಜ್ಜಿಕೊಂಡು ಎದ್ದು, “ಅಂಕಲ್, ರಾತ್ರಿಯೆಲ್ಲ ಯಾರೋ ಕೆಳಗಿಂದ ಬಾಗಿಲು ತಟ್ಟುತ್ತಿದ್ದರು” ಅಂದಳು. ನನಗೇನೂ ಕೇಳಿಸಿರಲಿಲ್ಲ. ಕಿವಿಗೆ ಬಿದ್ದಿರಲೇಬೇಕು, ನನ್ನವರೆಗೆ ಬಂದಿರಲಿಲ್ಲ ಅಷ್ಟೆ. ಅವಳ ಆ ಮಾತು ಅವತ್ತಿನಿಂದ ತಲೆಯೊಳಗೆ ಕೂತುಬಿಟ್ಟಿದೆ. ಮುಂದೆ ಆದದ್ದನ್ನೆಲ್ಲ ನೆನೆಸಿಕೊಂಡಾಗ, ಹಾಳಾದ ಪಿನ್ನಿಗಿಂತ ನನ್ನ ಕಿವಿಯ ಬಗ್ಗೆಯೇ ಹೆಚ್ಚು ಕಸಿವಿಸಿಯಾಗುತ್ತದೆ.

ನಮ್ಮದು 22 ಅಡಿಯ ಹಾಯಿದೋಣಿ. ನಮ್ಮದು ಅಂದರೆ ಅರ್ಧ ನನ್ನದು, ಅರ್ಧ ಆ ಗೆಳೆಯನದು. ಅದರ ಹೊಟ್ಟೆಯಡಿಯಲ್ಲಿ ಸುಮಾರು 250 ಕಿಲೋ ತೂಗುವ ಬೀಡುಕಬ್ಬಿಣದ ಒಂದು ದಪ್ಪ ಹಲಗೆ ನೇತಾಡುತ್ತದೆ. ಅದೇ ಕೀಲ್. ಪೂರ್ತಿ ಇಳಿಸಿದಾಗ ದೋಣಿ ತೇಲಲು ಒಂದೂವರೆ ಮೀಟರ್ ನೀರು ಬೇಕು. ಎತ್ತಿ ದೋಣಿಯ ತಳದಲ್ಲಿರುವ ಅದರ ಗೂಡಿಗೆ ಸೇರಿಸಿದರೆ ಅರ್ಧ ಮೀಟರ್ ಚಿಲ್ಲರೆ ಸಾಕು, ಪಂಚೆ ಎತ್ತಿ ಕಟ್ಟಿ ದಡಕ್ಕೆ ನಡೆದುಹೋಗಬಹುದು. ದೊಡ್ಡ ದೋಣಿಯವರು ದೂರದಲ್ಲಿ ನಿಂತು ನೋಡುವ ಜಾಗಗಳಿಗೆಲ್ಲ ನಾವು ನುಗ್ಗುವುದು ಈ ಅನುಕೂಲದಿಂದ. ಕನ್ನಡದ ಕಿವಿಗೆ ಇದರ ಹೆಸರಲ್ಲೇ ಒಂದು ತಮಾಷೆ ಇದೆ. ನಮಗೆ ಕೀಲು ಅಂದರೆ ಸಂದು, ಬಾಗಿಲಿಗೂ ಮೊಣಕಾಲಿಗೂ ಇರುವಂಥದ್ದು. ಇಂಗ್ಲಿಷಿನ ಕೀಲ್‌ಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಆದರೆ ಈ ಬಗೆಯ ದೋಣಿಯಲ್ಲಿ ಎರಡೂ ಒಂದೇ ಜಾಗದಲ್ಲಿ ಸೇರಿಕೊಂಡಿವೆ: ಕೀಲ್‌ನ ಮುಂದಿನ ತುದಿ ಒಂದು ಕೀಲಿನ ಮೇಲೆ ತಿರುಗುತ್ತದೆ, ಬೆರಳ ಗಾತ್ರದ ಒಂದು ಪಿನ್ ಅದನ್ನು ಹಿಡಿದಿರುತ್ತದೆ. ಗಾಡಿಯ ಗಾಲಿಗೆ ಕಡೆಗೀಲು ಹೇಗೋ ಹಾಗೆ. ಹಿಂಭಾಗಕ್ಕೆ ಕಟ್ಟಿದ ಉಕ್ಕಿನ ಹಗ್ಗ ಒಂದು ರಾಟೆ ದಾಟಿ, ರಬ್ಬರ್ ಕೊಳವೆಯೊಳಗೆ ಹಾದು, ಕ್ಯಾಬಿನ್ನಿನ ಮೆಟ್ಟಿಲ ಕೆಳಗಿರುವ ವಿಂಚಿಗೆ, ಅಂದರೆ ಹಗ್ಗ ಸುತ್ತುವ ಕೈಯಂತ್ರಕ್ಕೆ, ಬರುತ್ತದೆ. ಹಿಡಿಕೆ ಒಂದು ಕಡೆ ತಿರುಗಿಸಿದರೆ ಕೀಲ್ ಏಳುತ್ತದೆ, ಇನ್ನೊಂದು ಕಡೆ ತಿರುಗಿಸಿದರೆ ಇಳಿಯುತ್ತದೆ. ಮೇಲಿಂದ ಕೆಳಕ್ಕೆ 31 ಸುತ್ತು. ಹಿಂದಿನ ಮಾಲೀಕರು ಆ ಅಂಕಿಯನ್ನು ವಿಂಚಿನ ಪಕ್ಕದ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು. ದೋಣಿಯ ಜೊತೆ ಅವರು ಕೊಟ್ಟ ಸೂಚನೆ ಅದೊಂದೇ.

ಕೈಗೆ ಸಿಕ್ಕಿದ್ದಕ್ಕೆಲ್ಲ ಎಣ್ಣೆ

ನಾನು ದೋಣಿಯನ್ನು ನಿರ್ಲಕ್ಷಿಸಿದವನಲ್ಲ. ಈ ಮಾತನ್ನು ಆಮೇಲೆ ದೋಣಿ ರಿಪೇರಿಯ ಯಾರ್ಡಿನಲ್ಲೂ ಹೇಳಿಕೊಂಡೆ, ಯಾರೂ ಅದಕ್ಕೆ ಕಿವಿಗೊಡಲಿಲ್ಲ. ವಿಂಚ್ ಕಣ್ಣೆದುರಿಗೇ ಇತ್ತು, ಹಾಗಾಗಿ ಅದಕ್ಕೆ ಎಲ್ಲ ಉಪಚಾರ. ಮೊದಲ ವರ್ಷ ಅತಿಯಾದ ಉತ್ಸಾಹದಲ್ಲಿ ಒಂದು ಎಡವಟ್ಟನ್ನೂ ಮಾಡಿದೆ. ನಮ್ಮದು ತಾನೇ ತಡೆ ಹಿಡಿಯುವ ವಿಂಚ್: ಹಿಡಿಕೆಯಿಂದ ಕೈ ತೆಗೆದರೂ ಭಾರ ಕೆಳಗೆ ಜಾರದ ಹಾಗೆ ಒಳಗೆ ಘರ್ಷಣೆಯ ಬಿಲ್ಲೆಗಳಿವೆ. ಭಾರ ಎಳೆದಷ್ಟೂ ಆ ಬಿಲ್ಲೆಗಳು ಒತ್ತಿ ಕೂರುತ್ತವೆ. ಹಲ್ಲುಚಕ್ರಕ್ಕೆ ಗ್ರೀಸ್ ಬೇಕು, ಸರಿ. ನಾನು ಅದರ ಜೊತೆಗೆ ಬಿಲ್ಲೆಗಳಿಗೂ ಎಣ್ಣೆ ಕುಡಿಸಿದೆ. ಮಾರನೆಯ ದಿನ ಕೀಲ್ ಎತ್ತಿ ಬಿಟ್ಟರೆ, ಹಿಡಿಕೆ ತನ್ನಷ್ಟಕ್ಕೆ ತಾನೇ ಹಿಂದೆ ತಿರುಗತೊಡಗಿತು, ಮೊದಲು ನಿಧಾನ, ಆಮೇಲೆ ಜೋರು. ಹಿಡಿಯಲು ಕೈ ಚಾಚಿದ್ದೆ; ಏನು ಹೊಳೆಯಿತೋ ಹಿಂದಕ್ಕೆ ತೆಗೆದುಕೊಂಡೆ. ಹಾಗೆ ತಿರುಗುತ್ತಿರುವ ಹಿಡಿಕೆ ಮಣಿಕಟ್ಟು ಮುರಿಯುತ್ತದೆ. ಬಿಲ್ಲೆಗಳನ್ನು ಬಿಚ್ಚಿ, ಎಣ್ಣೆ ಬಿಡಿಸುವ ದ್ರಾವಣದಲ್ಲಿ ತೊಳೆದರೂ ಹಿಡಿತ ಸರಿಹೋಗಲಿಲ್ಲ, ಹೊಸದನ್ನೇ ಹಾಕಬೇಕಾಯಿತು.

ಆಮೇಲೆ ಬುದ್ಧಿ ಬಂತು, ಸ್ವಲ್ಪ ಮಟ್ಟಿಗೆ. ಪ್ರತಿ ಋತುವಿನ ಮೊದಲು ತಂತಿಹಗ್ಗವನ್ನು ಕಾಣುವಷ್ಟು ಉದ್ದಕ್ಕೆ ಪರೀಕ್ಷಿಸುತ್ತಿದ್ದೆ. ಇದಕ್ಕೆ ಬಳಸುವುದು ಏಳು ಎಳೆಯ ಹಗ್ಗ, ಒಂದೊಂದು ಎಳೆಯಲ್ಲೂ ಹತ್ತೊಂಬತ್ತು ತಂತಿ, ಒಟ್ಟು 133. ತಂತಿ ಸಣ್ಣದಾದಷ್ಟೂ ರಾಟೆಯ ಸುತ್ತ ಬಾಗುವುದು ಸಲೀಸು, ಸವೆದು ತುಂಡಾಗುವುದೂ ಸಲೀಸು. ತುಂಡಾದ ತಂತಿ ಮುಳ್ಳಿನ ಹಾಗೆ ಹೊರಗೆ ಚಾಚಿಕೊಳ್ಳುತ್ತದೆ. ಬರಿಗೈಯಲ್ಲಿ ಸವರಿದರೆ ಅಂಗೈ ಸೀಳುತ್ತದೆ. ಹಳೆಯ ಹತ್ತಿ ಬಟ್ಟೆ ಸುತ್ತಿ ಎಳೆದರೆ ಮುಳ್ಳಿದ್ದಲ್ಲಿ ದಾರ ಸಿಕ್ಕಿಕೊಳ್ಳುತ್ತದೆ. ರಬ್ಬರ್ ಕೊಳವೆಯನ್ನೂ ಹಿಚುಕಿ ನೋಡುತ್ತಿದ್ದೆ. ಯಾಕೆಂದರೆ ಕೀಲ್‌ನ ಗೂಡು ಕೆಳಗೆ ಸಮುದ್ರಕ್ಕೇ ತೆರೆದುಕೊಂಡಿದೆ, ಆ ಕೊಳವೆಯ ಬುಡ ನೀರಿನ ಮಟ್ಟಕ್ಕಿಂತ ಕೆಳಗೆ. ಅದು ಬಿರಿದರೆ ದೋಣಿಯ ತಳದಲ್ಲಿ ತೂತು ಬಿದ್ದಂತೆಯೇ. ಅದನ್ನು ಹಿಡಿದ ಕ್ಲಿಪ್ಪುಗಳಿಗೆ ಒಂದು ಅಯಸ್ಕಾಂತ ತಾಗಿಸಿ ನೋಡುವ ಅಭ್ಯಾಸವೂ ಆಗಿತ್ತು. ಪಟ್ಟಿ ಸ್ಟೇನ್‌ಲೆಸ್, ಆದರೆ ತಿರುಪು ಮಾತ್ರ ಮಾಮೂಲಿ ಉಕ್ಕು ಎನ್ನುವಂಥವು ಸಾಕಷ್ಟು ಬರುತ್ತವೆ. ಪಟ್ಟಿ ಫಳಫಳ ಹೊಳೆಯುತ್ತಿರುವಾಗಲೇ ತಿರುಪು ತುಕ್ಕು ಹಿಡಿದು ಪುಡಿಯಾಗುತ್ತದೆ.

ಇಷ್ಟೆಲ್ಲ ಮಾಡಿದವನು ಪಿನ್ನನ್ನು ಒಮ್ಮೆಯೂ ನೋಡಿರಲಿಲ್ಲ. ನೋಡಲು ಆಗುವುದೂ ಇಲ್ಲ. ದೋಣಿ ನೀರಲ್ಲಿದ್ದರೆ ಅದು ಕೆಸರು ಬಣ್ಣದ ಕತ್ತಲೆಯಲ್ಲಿ ಇರುತ್ತದೆ. ದೋಣಿ ಟ್ರೇಲರಿನ ಮೇಲಿದ್ದರೆ ಕೀಲ್ ಗೂಡಿನೊಳಗೆ ಮಡಚಿ ಕೂತು ಪಿನ್ನಿಗೇ ಅಡ್ಡವಾಗಿರುತ್ತದೆ. ಕೀಲ್ ಇಳಿಸದೆ ಪಿನ್ ಕಾಣದು. ಕೀಲ್ ಇಳಿಸಬೇಕಾದರೆ ದೋಣಿಯನ್ನು ನೆಲದಿಂದ ಆಳೆತ್ತರಕ್ಕೆ ಎತ್ತಿ ನೇತು ಹಾಕಬೇಕು. ಅದಕ್ಕೆ ಕ್ರೇನ್, ಕ್ರೇನಿನವರ ಸಮಯ, ಅದರ ಬಾಡಿಗೆ. ಮುಂದಿನ ವರ್ಷ ನೋಡೋಣ ಎನ್ನುವುದಕ್ಕೆ ಇಷ್ಟು ಕಾರಣ ಧಾರಾಳವಾಯಿತು.

ಏಡಿಯ ನಡಿಗೆ

ಆ ಬೆಳಿಗ್ಗೆ ನಾವು ಒಂದು ನೊರಜುಗಲ್ಲಿನ ದಡದಿಂದ ಹೊರಟಿದ್ದೆವು. ಹಿಂದಿನ ಇಳಿತದಲ್ಲಿ ದೋಣಿ ನೆಲಕ್ಕೆ ಕೂತಿತ್ತು, ಬೇಕೆಂದೇ ಕೂರಿಸಿದ್ದೆವು. ಕೀಲ್ ಎತ್ತುವ ದೋಣಿಯ ಸುಖವೇ ಅದು. ನೀರು ಏರಿ ದೋಣಿ ತೇಲಿತು, ಹುಟ್ಟು ಹಾಕಿ ಆಳಕ್ಕೆ ಬಂದೆವು, ನಾನು ಚುಕ್ಕಾಣಿ ಹಿಡಿದೆ, ಗೆಳೆಯ ಒಳಗೆ ಕೂತು ಕೀಲ್ ಇಳಿಸತೊಡಗಿದ. ಒಂಬತ್ತೋ ಹತ್ತೋ ಸುತ್ತಾಗಿರಬೇಕು, ಒಳಗಿಂದ ಖುಷಿಯ ದನಿ: “ನೀನು ಹಾಕಿದ ಗ್ರೀಸ್ ಕೆಲಸ ಮಾಡಿದೆ ಕಣೋ, ಹಿಡಿಕೆ ಬೆಣ್ಣೆ ತರ ತಿರುಗ್ತಾ ಇದೆ.” ನಾನೂ ಬೀಗಿದೆ. ಅವನು ಎಣಿಸುತ್ತ 31ಕ್ಕೆ ನಿಲ್ಲಿಸಿದ.

ಹಾಯಿ ಏರಿಸಿ ಎದುರು ಗಾಳಿಗೆ ಓರೆಯಾಗಿ ಹೊರಟರೆ ದೋಣಿ ಮುಂದೆ ಹೋಗುವುದಕ್ಕಿಂತ ಪಕ್ಕಕ್ಕೆ ಜಾರುವುದೇ ಹೆಚ್ಚು. ಮೂತಿ ಒಂದು ದಿಕ್ಕಿಗೆ, ನಡಿಗೆ ಇನ್ನೊಂದು ದಿಕ್ಕಿಗೆ, ಥೇಟ್ ಏಡಿ. ಹಾಯಿದೋಣಿಗೆ ಕೀಲ್ ಇರುವುದು ಕವುಚದಿರಲಿ ಅಂತ ಎಂದು ಹೆಚ್ಚಿನವರು ತಿಳಿಯುತ್ತಾರೆ. ಅದರಷ್ಟೇ ದೊಡ್ಡ ಕೆಲಸ ಇದು: ಗಾಳಿ ಪಕ್ಕಕ್ಕೆ ತಳ್ಳುವಾಗ ನೀರೊಳಗೆ ಕಾಲೂರಿ ಆ ತಳ್ಳಾಟವನ್ನು ಮುನ್ನಡೆಯಾಗಿ ತಿರುಗಿಸುವುದು. ನಮಗೆ ಆಗ ಇದು ತಲೆಗೆ ಹೊಳೆಯಲಿಲ್ಲ. ನಾನು ಅವನು ಹಾಯಿ ಬಿಗಿದದ್ದು ಸರಿಯಿಲ್ಲ ಅಂದೆ. ಅವನು ನನ್ನ ಚುಕ್ಕಾಣಿ ಸರಿಯಿಲ್ಲ ಅಂದ. ನೀರಿನ ಸೆಳೆತ ಜಾಸ್ತಿ ಇರಬೇಕು ಎಂದು ಇಬ್ಬರೂ ಒಪ್ಪಿಕೊಂಡೆವು. ಸೆಳೆತದ ಮೇಲೆ ಹೊರಿಸಿದರೆ ಇಬ್ಬರ ಮರ್ಯಾದೆಯೂ ಉಳಿಯುತ್ತದೆ ನೋಡಿ. ಹೀಗೆ ಮುಕ್ಕಾಲು ಗಂಟೆ ಕಳೆಯಿತು.

ನಾಲ್ಕನೆಯ ಸಲವೋ ಐದನೆಯ ಸಲವೋ ಮಗ್ಗುಲು ಬದಲಿಸಿದೆವು. ಹಾಯಿ ಪಟಪಟನೆ ಬಡಿದು ಈ ಕಡೆಗೆ ಬಂತು, ದೋಣಿ ವಾಲಿಕೆ ಬದಲಿಸಿತು, ಅದೇ ಗಳಿಗೆಯಲ್ಲಿ ಕಾಲಡಿಯಲ್ಲಿ ಒಂದು ಸ್ಫೋಟ. ಬೇರೆ ಪದ ಇಲ್ಲ. ದೋಣಿಯ ಮೈಯೆಲ್ಲ ಗಂಟೆಯ ಹಾಗೆ ಅದುರಿತು, ಒಲೆಯ ಮೇಲಿದ್ದ ಪಾತ್ರೆ ನೆಲಕ್ಕೆ ಬಿತ್ತು. ಬಂಡೆಗೆ ಬಡಿದೆವು ಅಂದುಕೊಂಡು ಆಳ ನೋಡಿದರೆ ಹತ್ತು ಮೀಟರ್ ತೋರಿಸುತ್ತಿದೆ. ಗೆಳೆಯ ಒಳಗೆ ನುಗ್ಗಿದ. ಮೆಟ್ಟಿಲು ಎತ್ತಿ ನೋಡಿ, ಮಾತಿಲ್ಲದೆ ನನ್ನನ್ನು ಕೈಸನ್ನೆ ಮಾಡಿ ಕರೆದ. ರಬ್ಬರ್ ಕೊಳವೆಯ ಬುಡದಲ್ಲಿ ನೀರು ಜಿನುಗುತ್ತಿತ್ತು. ವಿಂಚಿನ ಡ್ರಮ್ಮಿನ ಮೇಲೆ ತಂತಿ ಹಕ್ಕಿಯ ಗೂಡಿನ ಹಾಗೆ ಸಿಕ್ಕಾಗಿತ್ತು.

ಆದದ್ದು ಇಷ್ಟು. ದಡದಲ್ಲಿ ಕೂತಿದ್ದಾಗ ಒಂದು ಕಲ್ಲು ಗೂಡಿನೊಳಗೆ ಸೇರಿ, ಕೀಲ್‌ಗೂ ಗೋಡೆಗೂ ನಡುವೆ ಬೆಣೆಯ ಹಾಗೆ ಕೂತಿತ್ತು. ಕೀಲ್ ಹತ್ತು ಸುತ್ತಿನಷ್ಟು ಇಳಿದು ಅಲ್ಲೇ ಸಿಕ್ಕಿಕೊಂಡಿತು. ಭಾರ ಹೋಗಿದ್ದರಿಂದ ಹಿಡಿಕೆ ಹಗುರಾಯಿತು; ನಾವು ಅದನ್ನು ಗ್ರೀಸಿನ ಪುಣ್ಯ ಅಂದುಕೊಂಡೆವು. ಉಳಿದ ಇಪ್ಪತ್ತು ಚಿಲ್ಲರೆ ಸುತ್ತು ಅವನು ಬಿಚ್ಚಿದ್ದು ಬರೀ ಸಡಿಲ ತಂತಿ. ದೋಣಿ ವಾಲಿಕೆ ಬದಲಿಸಿದಾಗ ಕಲ್ಲು ಜಾರಿತು, 250 ಕಿಲೋ ಕಬ್ಬಿಣ ಒಂದು ಮೊಳದಷ್ಟು ಸಡಿಲ ಹಗ್ಗದ ಉದ್ದಕ್ಕೆ ಬಿದ್ದು ಜಗ್ಗಿ ನಿಂತಿತು. ಹಗ್ಗ ತುಂಡಾಗಲಿಲ್ಲ, ಯಾಕೆ ತುಂಡಾಗಲಿಲ್ಲವೋ. ಅವತ್ತಿನಿಂದ ನಮ್ಮ ದೋಣಿಯಲ್ಲಿ ಒಂದೇ ಕಟ್ಟಳೆ: ಇಳಿಸುವಾಗ ಹಿಡಿಕೆ ಹಗುರಾದರೆ ಅಲ್ಲೇ ನಿಲ್ಲಿಸು, ಮೇಲಕ್ಕೆ ಸುತ್ತು, ತಂತಿ ಬಿಗಿಯಾಗುವವರೆಗೆ. ಪೂರ್ತಿ ಇಳಿದಾಗ ಭಾರವೆಲ್ಲ ಪಿನ್ನಿಗೆ ವರ್ಗವಾಗಿ ಹಿಡಿಕೆ ಹಗುರಾಗುವುದು ಸಹಜ. ಹತ್ತನೆಯ ಸುತ್ತಿಗೇ ಹಗುರಾದರೆ ಏನೋ ಸಿಕ್ಕಿಕೊಂಡಿದೆ. ಎಣಿಕೆಯನ್ನು ಹಲಗೆಯ ಮೇಲೆ ಬರೆದಿದ್ದವರಿಗೆ ಇದು ಗೊತ್ತಿದ್ದಿರಬೇಕು. ನಾವು ಅಂಕಿಯನ್ನು ಓದಿದ್ದೆವು, ಅದು ಯಾಕೆ ಅಲ್ಲಿದೆ ಅಂತ ಕೇಳಿಕೊಂಡಿರಲಿಲ್ಲ.

ನೇತಾಡಿದ ದೋಣಿ

ಯಾರ್ಡಿನಲ್ಲಿ ಕ್ರೇನಿನ ಎರಡು ಪಟ್ಟಿಗಳಲ್ಲಿ ದೋಣಿ ನೇತಾಡುತ್ತಿತ್ತು. ನೀರಿಳಿಯುತ್ತಿರುವ ದೋಣಿಯನ್ನು ಕೆಳಗಿಂದ ನೋಡುವುದು ನನಗೆ ಯಾವತ್ತೂ ಮುಜುಗರ. ಯಾರದೋ ಕೋಣೆಗೆ ಬಾಗಿಲು ತಟ್ಟದೆ ಹೋದ ಹಾಗೆ. ಕೆಲಸಕ್ಕೆ ಬಂದವರು ಎಪ್ಪತ್ತರ ಹತ್ತಿರದ ಹಿರಿಯರು, ಮಾತು ಕಡಿಮೆ. ಕೀಲ್ ಇಳಿಸುವ ಮೊದಲು ಅದರ ಕೆಳಗೆ ಮರದ ತೊಟ್ಟಿಲೊಂದನ್ನು ಎರಡು ಜ್ಯಾಕಿನ ಮೇಲೆ ಇಟ್ಟರು. “ಕೀಲ್‌ಗೂ ಗೂಡಿಗೂ ನಡುವೆ ಬೆರಳು ಹಾಕಬೇಡಿ, ಕಲ್ಲು ತೆಗೆಯೋದಕ್ಕೂ ಬೇಡ, ಕೋಲು ಇದೆ” ಅಂದರು. ವಿಂಚ್ ನೀರಿನಲ್ಲಿದ್ದಾಗಿನದಕ್ಕಿಂತ ಗಡಸಾಗಿ ತಿರುಗಿತು. ಸಮುದ್ರದ ನೀರು ಬೀಡುಕಬ್ಬಿಣದ ತೂಕದಲ್ಲಿ ಏಳನೆಯ ಒಂದು ಭಾಗವನ್ನು ತಾನು ಹೊತ್ತಿರುತ್ತದೆ. ಗಾಳಿಯಲ್ಲಿ ಅದು ಪೂರ್ತಿ ನಮ್ಮ ಮೇಲೆ.

ಕೀಲ್ ಇಳಿದ ಮೇಲೆ ಅವರು ತೊಟ್ಟಿಲನ್ನು ಒಂದಂಗುಲ ಕೆಳಗಿಳಿಸಿ, ಕೀಲ್‌ನ ಕೆಳತುದಿಯನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲ್ಲಾಡಿಸಿದರು. ಟಕ್. ಟಕ್. ಹಗಲು ಬೆಳಕಿನಲ್ಲಿ, ಗಟ್ಟಿ ನೆಲದ ಮೇಲೆ ನಿಂತು, ನಾನು ಆ ಸದ್ದನ್ನು ಆರು ತಿಂಗಳಾದ ಮೇಲೆ ಮೊದಲ ಸಲ ಕೇಳಿದೆ ಅನ್ನಿಸಿತು. ತುದಿ ನಾಲ್ಕು ಬೆರಳಿನಷ್ಟು ಅಗಲ ಆಡುತ್ತಿತ್ತು.

“ಎಷ್ಟು ವರ್ಷದಿಂದ ಹೀಗೆ ಸದ್ದು ಮಾಡ್ತಿದೆ?”

“ಮೂರು ವರ್ಷ ಆಯಿತು.”

ಅವರು ನನ್ನ ಮುಖ ನೋಡಿದರು, ಏನೂ ಹೇಳಲಿಲ್ಲ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಪಿನ್ ಹೊರಬರಲು ಅರ್ಧ ದಿನ ತೆಗೆದುಕೊಂಡಿತು. ಒಂದು ಕಡೆಯ ನಟ್ ಬಿಚ್ಚಿತು, ಇನ್ನೊಂದನ್ನು ಕೊಯ್ಯಬೇಕಾಯಿತು. ಹಿತ್ತಾಳೆಯ ಸರಳು ಇಟ್ಟು, ಸುತ್ತಿಗೆಯಿಂದ ಸಣ್ಣ ಸಣ್ಣ ಪೆಟ್ಟು ಕೊಡುತ್ತ, ಎಣ್ಣೆ ಬಿಡುತ್ತ, ಕಾಯುತ್ತ. ಆ ಕಾಯುವಿಕೆಯೇ ಅವರ ನಿಜವಾದ ಕಸುಬು ಅನ್ನಿಸಿತು. ನಾನಾಗಿದ್ದರೆ ದೊಡ್ಡ ಸುತ್ತಿಗೆ ಹುಡುಕುತ್ತಿದ್ದೆ. ಕೊನೆಗೆ ಪಿನ್ ಕೈಗೆ ಬಂತು. 25 ಮಿ.ಮೀ. ಸ್ಟೇನ್‌ಲೆಸ್ ಉಕ್ಕು, ಎರಡೂ ತುದಿಯಲ್ಲಿ ಹೊಸದರಂತೆ ಹೊಳಪು. ನಡುವೆ, ಕೀಲ್ ಕೂರುತ್ತಿದ್ದ ಕಡೆ, ಒಂದು ಮಗ್ಗುಲು ಕಡಿದು ಸೊಂಟದ ಹಾಗೆ ಸಣ್ಣಗಾಗಿತ್ತು. ವರ್ನಿಯರ್ ಅಳತೆಗೋಲು ಹಿಡಿದರೆ 21. ಕೀಲ್‌ನಲ್ಲಿದ್ದ ದುಂಡನೆಯ ತೂತು ಮೊಟ್ಟೆಯ ಆಕಾರಕ್ಕೆ ಬಂದಿತ್ತು. ಅದರೊಳಗಿಂದ ಬೆರಳಲ್ಲಿ ಕಪ್ಪು ಹಿಟ್ಟು ತೆಗೆದು ತೋರಿಸಿದರು: ತುಕ್ಕು, ಸಣ್ಣ ಮರಳು, ನೀರು. ಸಾಣೆ ಹಿಡಿಯುವವರು ಕಾಸು ಕೊಟ್ಟು ತರುವಂಥ ಪುಡಿ, ನಮ್ಮ ದೋಣಿಯಲ್ಲಿ ತಾನೇ ತಯಾರಾಗಿ ಪ್ರತಿ ಅಲೆಗೂ ಒಂದು ಸಲ ಅರೆಯುತ್ತಿತ್ತು. ಒಂದು ರಾತ್ರಿಗೆ ಎಷ್ಟು ಸಲ ‘ಟಕ್’ ಎಂದಿರಬಹುದು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ.

ಎರಡು ಲೋಹ, ಉಪ್ಪುನೀರು, ಕತ್ತಲೆ

ಆ ಪಿನ್ ಈಗ ನನ್ನ ಮೇಜಿನ ಮೇಲಿದೆ, ಕಾಗದ ಹಾರದಂತೆ ಇಡುವ ಭಾರವಾಗಿ. ಅದನ್ನು ನೋಡುತ್ತ ಓದಿದ್ದು, ಕೇಳಿದ್ದು ಕೆಲವು ಇವೆ. ಸ್ಟೇನ್‌ಲೆಸ್ ಅಂದರೆ ತುಕ್ಕು ಹಿಡಿಯದ್ದು ಎಂದು ನಂಬಿದ್ದೆ. ಅದರ ಮೈಮೇಲೆ ಕ್ರೋಮಿಯಂ ಆಕ್ಸೈಡಿನ ಒಂದು ತೆಳು ಪೊರೆ ಇರುತ್ತದೆ, ಕಾಪಾಡುವುದು ಆ ಪೊರೆ. ಗೀರು ಬಿದ್ದರೆ ಅದು ತಾನೇ ಮತ್ತೆ ಕಟ್ಟಿಕೊಳ್ಳಲು ಆಮ್ಲಜನಕ ಬೇಕು. ತೆರೆದ ಗಾಳಿಯಲ್ಲಿ, ಹರಿಯುವ ನೀರಿನಲ್ಲಿ ಅದು ಸಿಗುತ್ತದೆ. ಬಿಗಿಯಾದ ಸಂದಿಯಲ್ಲಿ ನಿಂತ ಉಪ್ಪುನೀರಿನಲ್ಲಿ ಸಿಗುವುದಿಲ್ಲ. ತಂತಿಹಗ್ಗದ ತುದಿಯನ್ನು ಒತ್ತಿ ಕೂರಿಸಿದ ಲೋಹದ ಕೊಳವೆಯೊಳಗೂ ಇದೇ ಕತೆ. ನಾನು ವರ್ಷವರ್ಷವೂ ಬಟ್ಟೆ ಸುತ್ತಿ ಪರೀಕ್ಷಿಸುತ್ತಿದ್ದ ತಂತಿ ಚೆನ್ನಾಗಿಯೇ ಇತ್ತು. ಕೀಲ್‌ಗೆ ಸೇರುವ ಕೊನೆಯ ಎರಡಂಗುಲ, ಅಂದರೆ ನನ್ನ ಬಟ್ಟೆ ತಲುಪದ ಎರಡಂಗುಲ, ಒಳಗೆ ಕಂದು ಪುಡಿಯಾಗಿತ್ತು. ಜೊತೆಗೆ, ಸ್ಟೇನ್‌ಲೆಸ್ ಮತ್ತು ಬೀಡುಕಬ್ಬಿಣ ಒಂದೇ ಉಪ್ಪುನೀರಿನಲ್ಲಿ ಮೈತಾಗಿಸಿಕೊಂಡಿದ್ದರೆ ಅದೊಂದು ಬ್ಯಾಟರಿ, ಕರಗುವ ಸರದಿ ಕಬ್ಬಿಣದ್ದು. ಕೀಲ್‌ನ ಒಂದೆರಡು ಕಡೆ ಹಿರಿಯರು ಚಾಕು ಊರಿದರೆ ಪೆನ್ಸಿಲಿನ ಸೀಸದ ಹಾಗೆ ಮೆತ್ತಗೆ ಕಪ್ಪಾಗಿ ಕೆರೆದು ಬಂತು. ಕಬ್ಬಿಣ ಕರಗಿ ಹೋಗಿ ಅದರೊಳಗಿದ್ದ ಗ್ರಾಫೈಟ್ ಮಾತ್ರ ಉಳಿದಿತ್ತು. ಆಕಾರಕ್ಕೆ ಮೋಸವಿಲ್ಲ, ಬಲ ಮಾತ್ರ ಇಲ್ಲ.

ತೂತನ್ನು ದೊಡ್ಡದಾಗಿ ಕೊರೆದು ಒಳಗೆ ಬುಷ್, ಅಂದರೆ ಪಿನ್ನಿನ ಸುತ್ತ ಕೂರುವ ಬಳೆ, ಕೂರಿಸುವುದು ಎಂದಾಯಿತು. ನಾನು ನೈಲಾನ್ ಅಂದೆ. ಅಗ್ಗ, ಜಾರುತ್ತದೆ, ಕೊಯ್ಯಲು ಸುಲಭ. ಹಿರಿಯರು ತಲೆಯಾಡಿಸಿದರು. ನೈಲಾನ್ ನೀರು ಕುಡಿದು ಉಬ್ಬುತ್ತದೆಯಂತೆ. ಯಾರ್ಡಿನಲ್ಲಿ ಸಲೀಸಾಗಿ ತಿರುಗಿದ್ದು ಒಂದು ತಿಂಗಳು ನೀರಿನಲ್ಲಿದ್ದರೆ ಪಿನ್ನನ್ನು ಕಚ್ಚಿ ಹಿಡಿಯುತ್ತದೆ. ಅಸಿಟಾಲ್ ಎಂಬ ಪ್ಲಾಸ್ಟಿಕ್ಕು ಅಷ್ಟು ಕುಡಿಯುವುದಿಲ್ಲ. ಅದರಲ್ಲೇ ಬುಷ್ಷನ್ನು ಎರಡೂ ಪಕ್ಕ ಅಂಚು ಬಿಟ್ಟು ಕಡೆದರು, ಹಾಗಾಗಿ ಕೀಲ್ ಅತ್ತಿತ್ತ ಸರಿಯಲೂ ಜಾಗವಿಲ್ಲ, ಎರಡು ಲೋಹ ತಾಗುವುದೂ ತಪ್ಪಿತು. ಪಿನ್ನಿನ ಬಳಿ ಕೂದಲೆಳೆಯಷ್ಟು ಸಡಿಲ ಇದ್ದರೂ ಕೆಳತುದಿಗೆ ಬರುವಷ್ಟರಲ್ಲಿ ಅದು ಎಷ್ಟೋ ಪಟ್ಟು ಹೆಚ್ಚುತ್ತದೆ, ಆದ್ದರಿಂದ ಆ ಅಂಚುಗಳನ್ನು ಅವರು ಮೂರು ಸಲ ಹಾಕಿ ತೆಗೆದು ಉಜ್ಜಿದರು. ಕೀಲ್‌ನ ಮೈಯನ್ನು ಮರಳು ಚಿಮ್ಮಿಸಿ ಬೆಳ್ಳಗಾಗುವವರೆಗೆ ಕೆರೆದು, ತೇವದ ಗಾಳಿ ತುಕ್ಕು ಬರಿಸುವ ಮೊದಲೇ, ಅದೇ ಮಧ್ಯಾಹ್ನ ಎಪಾಕ್ಸಿ ಎಂಬ ಗಟ್ಟಿ ಲೇಪ ಬಳಿದೆವು. ಚಿಪ್ಪು ಕೂರದಂತೆ ಹಚ್ಚುವ ಬಣ್ಣದಲ್ಲಿ ತಾಮ್ರ ಇರುತ್ತದೆ. ಎಪಾಕ್ಸಿ ಇಲ್ಲದೆ ಅದನ್ನು ಕಬ್ಬಿಣಕ್ಕೆ ನೇರವಾಗಿ ಹಚ್ಚಿದರೆ ಬ್ಯಾಟರಿಗೆ ಇನ್ನೊಂದು ಲೋಹ ಸೇರಿಸಿದ ಹಾಗೆ. ಗೂಡಿನೊಳಗೆ ಬ್ರಷ್ ಹೋಗುವಷ್ಟು ದೂರ ಆ ಬಣ್ಣವನ್ನೇ ಬಳಿದೆವು, ಆಚೆಗೆ ಬಿಟ್ಟೆವು. ಅಲ್ಲಿ ಚಿಪ್ಪು ಕೂರುತ್ತದೆ, ಕೂರಲಿ; ವಾರಕ್ಕೊಮ್ಮೆ ಕೀಲ್ ಎತ್ತಿ ಇಳಿಸಿದರೆ ಬಲಿಯುವ ಮೊದಲೇ ಉದುರುತ್ತದೆ. ಓಡಾಡಿಸದೆ ಮೂರು ತಿಂಗಳು ನಿಲ್ಲಿಸಿಟ್ಟ ದೋಣಿಯ ಕೀಲ್ ಇಳಿಯುವುದೇ ಇಲ್ಲ ಎಂದು ಯಾರ್ಡಿನಲ್ಲಿ ಎಲ್ಲರೂ ಹೇಳುತ್ತಾರೆ.

ಇಂಥ ತಲೆನೋವು ನಮ್ಮ ಕಾಲದ್ದಲ್ಲ. ಜಾನ್ ಶ್ಯಾಂಕ್ ಎಂಬ ಬ್ರಿಟಿಷ್ ನೌಕಾಧಿಕಾರಿ 1774ರಲ್ಲೇ ಬಾಸ್ಟನ್ನಿನಲ್ಲಿ ಜಾರುವ ಕೀಲ್ ಇರುವ ದೋಣಿ ಕಟ್ಟಿಸಿದ್ದ. ಅವನ ಯೋಜನೆಯಂತೆ ಕಟ್ಟಿದ ‘ಲೇಡಿ ನೆಲ್ಸನ್’ ಎಂಬ ಪುಟ್ಟ ಹಡಗಿಗೆ ಅಂಥ ಕೀಲ್ ಮೂರು. 1800ರಲ್ಲಿ ಅದು ಆಸ್ಟ್ರೇಲಿಯಾಕ್ಕೂ ಟ್ಯಾಸ್ಮೇನಿಯಾಕ್ಕೂ ನಡುವಿನ ಬಾಸ್ ಜಲಸಂಧಿಯನ್ನು ದಾಟಿ ಸಿಡ್ನಿ ಸೇರಿತು, ಆಮೇಲೆ ಆಸ್ಟ್ರೇಲಿಯಾದ ಕರಾವಳಿಯ ಆಳವಿಲ್ಲದ ಜಾಗಗಳನ್ನೆಲ್ಲ ತಡಕಿ ನಕ್ಷೆ ಮಾಡಲು ನೆರವಾಯಿತು. 1802ರಲ್ಲಿ ಆ ಕರಾವಳಿಯ ನಕ್ಷೆ ಮಾಡುತ್ತಿದ್ದ ನಾವಿಕ ಮ್ಯಾಥ್ಯೂ ಫ್ಲಿಂಡರ್ಸ್‌ನ ಹಡಗಿನ ಜೊತೆ ಹೊರಟದ್ದು ನಡುದಾರಿಯಲ್ಲಿ ಕೀಲ್ ಮುರಿದುಕೊಂಡು, ಜೊತೆಗೆ ಸಾಗಲಾರದೆ ಸಿಡ್ನಿಗೆ ಹಿಂದಿರುಗಬೇಕಾಯಿತು. ಮೂರು ಕೀಲ್ ಅಂದರೆ ಮೂರು ಗೂಡು, ಮೂರರಲ್ಲೂ ಸೇರುವ ಕಲ್ಲು. ಆ ಹಡಗಿನ ಬಡಗಿಯ ದಿನಚರಿ ಎಲ್ಲಾದರೂ ಉಳಿದಿದ್ದರೆ ಓದಬೇಕೆಂಬ ಆಸೆ ನನಗೆ.

ಹಗ್ಗದ ವಿಚಾರದಲ್ಲಿ ಗೆಳೆಯನಿಗೂ ನನಗೂ ಒಂದು ವಾರ ಜಟಾಪಟಿ. ಅವನಿಗೆ ಮತ್ತೆ ಉಕ್ಕೇ ಬೇಕು, ಅದೂ ಸತು ಲೇಪಿಸಿದ ಮಾಮೂಲಿ ಉಕ್ಕು: “ಹಾಳಾದರೆ ಕೆಂಪಗಾಗಿ ತಾನೇ ಹೇಳುತ್ತೆ. ಸ್ಟೇನ್‌ಲೆಸ್ ಸಾಯೋ ದಿನದವರೆಗೂ ನಗ್ತಾ ಇರುತ್ತೆ.” ಮಾತು ಸರಿಯೇ. ನಾನು ಡೈನೀಮಾ ಎಂಬ ಕೃತಕ ನೂಲಿನ ಹಗ್ಗದ ಪರ. ಅದು ತುಕ್ಕು ಹಿಡಿಯುವುದಿಲ್ಲ, ಅದೇ ದಪ್ಪದ ಉಕ್ಕಿಗಿಂತ ಗಟ್ಟಿ, ಹಗುರ, ಅಂಗೈ ಸೀಳುವುದಿಲ್ಲ. ಅದರ ಕಷ್ಟ ಬೇರೆ. ಅದು ಎಷ್ಟು ನುಣುಪೆಂದರೆ ಗಂಟು ನಿಲ್ಲುವುದಿಲ್ಲ. ನಿಂತರೂ ಬಲ ಅರ್ಧದಷ್ಟು ಹೋಗುತ್ತದೆ. ತುದಿಯನ್ನು ಮಡಚಿ ಅದರದೇ ಹೊಟ್ಟೆಯೊಳಗೆ ದಪ್ಪದ 72 ಪಟ್ಟು ಉದ್ದ ಹುದುಗಿಸಬೇಕು, 8 ಮಿ.ಮೀ. ಹಗ್ಗಕ್ಕೆ ಅದು ಹತ್ತಿರ ಹತ್ತಿರ 58 ಸೆಂ.ಮೀ. ಅದಕ್ಕೆ ಚೂಪು ಅಂಚು ಆಗದು. ಹಳೆಯ ರಾಟೆಯ ತೋಡಿನಲ್ಲಿ ತಂತಿ ಕೊರೆದ ಗೀರುಗಳಿದ್ದವು. ಅದರ ಮೇಲೆ ಹೊಸ ಹಗ್ಗ ಹಾಕಿದರೆ ಗರಗಸದ ಮೇಲೆ ಹಾಕಿದಂತೆ. ರಾಟೆಯನ್ನೇ ಬದಲಿಸಿದೆವು. ಬಲಕ್ಕೆ 5 ಮಿ.ಮೀ. ಸಾಕಿದ್ದರೂ ಸವೆದು ಹೋಗಲು ಒಂದಿಷ್ಟು ಇರಲಿ ಎಂದು 8 ಹಾಕಿದೆವು, ಡ್ರಮ್ಮಿನ ಮೇಲೆ ಜಾರದಿರಲಿ ಎಂದು ಕೀಲ್ ಪೂರ್ತಿ ಇಳಿದಾಗಲೂ ಎಂಟು ಸುತ್ತು ಉಳಿಯುವಷ್ಟು ಉದ್ದ ಬಿಟ್ಟೆವು. ಇದರಲ್ಲಿ ಗೆದ್ದವನು ನಾನು. ಕೀಲ್ ಇಳಿದ ಮೇಲೆ ಅದನ್ನು ಬಿಗಿಯುವ ಬೋಲ್ಟಿನ ವಿಷಯದಲ್ಲಿ ಗೆದ್ದವನು ಅವನು. ಬಿಗಿದರೆ ದೋಣಿ ಕವುಚಿದಾಗ ಕೀಲ್ ಮಡಚಿಕೊಳ್ಳದೆ ಮತ್ತೆ ಎತ್ತಿ ನಿಲ್ಲಿಸುತ್ತದೆ. ಬಿಗಿಯದಿದ್ದರೆ ದಿಬ್ಬಕ್ಕೆ ತಾಗಿದಾಗ ಸದ್ದಿಲ್ಲದೆ ಮೇಲಕ್ಕೆ ಮಡಚಿ ದೋಣಿಯನ್ನು ಉಳಿಸುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಆಳದಲ್ಲಿ ಬಿಗಿ, ದಡದ ಹತ್ತಿರ ಬಿಚ್ಚು ಎಂಬುದು ಅವನ ಮಾತು. ನಾನು ಮರೆಯುತ್ತೇನೆ, ಅವನು ನೆನಪಿಸುತ್ತಾನೆ.

28

ನೀರಿಗೆ ಇಳಿಸಿದ ಮೊದಲ ಸಂಜೆ ಗಾಳಿ ಚೆನ್ನಾಗಿತ್ತು. ವೇಗ ಐದು ನಾಟ್ (ಸೆಕೆಂಡಿಗೆ ಸುಮಾರು 2.6 ಮೀಟರ್) ಮುಟ್ಟುವಾಗ ನಮ್ಮ ದೋಣಿ ಹಾಡುತ್ತಿತ್ತು. ಬಿಗಿದ ತಂತಿಯ ಹಿಂದೆ ನೀರು ಸುಳಿಸುಳಿಯಾಗಿ ಒಮ್ಮೆ ಆ ಬದಿಗೆ ಒಮ್ಮೆ ಈ ಬದಿಗೆ ಕಳಚಿಕೊಳ್ಳುತ್ತದೆ, ತಂತಿ ಅದಕ್ಕೆ ತಕ್ಕಂತೆ ಕಂಪಿಸುತ್ತದೆ. ಸಣ್ಣ ಲೆಕ್ಕ: ಎರಡನ್ನೂ ಮೀಟರಿನಲ್ಲಿ ಇಟ್ಟುಕೊಂಡು ವೇಗವನ್ನು ದಪ್ಪದಿಂದ ಭಾಗಿಸಿ 0.2ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬುದು ಹೆಚ್ಚುಕಡಿಮೆ ಸಿಗುತ್ತದೆ. ಹಳೆಯ 5 ಮಿ.ಮೀ. ತಂತಿಗೆ ಸುಮಾರು 100. ಹೊಸ ಹಗ್ಗಕ್ಕೆ 64ರ ಆಸುಪಾಸು. ಶ್ರುತಿ ಇಳಿದಿತ್ತು. ತಂಬೂರಿಯ ಮಂದ್ರದ ತಂತಿಯ ಹಾಗೆ ಗುಂಯ್‌ಗುಟ್ಟುವುದನ್ನು ಹಲಗೆಗೆ ಕಿವಿ ಆನಿಸಿ ಕೇಳಿದೆ. ಈಗೀಗ ಎಲ್ಲದಕ್ಕೂ ಕಿವಿ ಆನಿಸುತ್ತೇನೆ, ಗೆಳೆಯನಿಗೆ ನಗು.

ರಾತ್ರಿ ಲಂಗರು ಹಾಕಿದೆವು. ದೂರದ ಹಡಗಿನ ಅಲೆ ಬಂತು, ದೋಣಿ ಹೊರಳಿತು. ಏನೂ ಇಲ್ಲ. ಕೀಲ್ ಕಳಚಿ ಬಿದ್ದಿದೆಯೇನೋ ಎಂದು ಎರಡು ಸಲ ಎದ್ದು ಟಾರ್ಚ್ ಹಿಡಿದು ಹಗ್ಗ ಬಿಗಿಯಾಗಿದೆಯೇ ಎಂದು ಮುಟ್ಟಿ ನೋಡಿದೆ.

ಬೆಳಿಗ್ಗೆ ಗೆಳೆಯ ಕೀಲ್ ಎತ್ತುತ್ತ ಎಣಿಸಿದ. ಹಗ್ಗ ದಪ್ಪವಾದ್ದರಿಂದ ಡ್ರಮ್ ಬೇಗ ತುಂಬುತ್ತದೆ, ಒಂದೊಂದು ಸುತ್ತಿಗೂ ಹೆಚ್ಚು ಉದ್ದ ಬರುತ್ತದೆ, 28ಕ್ಕೆ ಮುಗಿಯಿತು. ಅವನು ಹಲಗೆಯ ಮೇಲಿನ 31ನ್ನು ಅಳಿಸಲಿಲ್ಲ, ಅದರ ಮೇಲೊಂದು ಗೆರೆ ಎಳೆದು ಕೆಳಗೆ 28 ಎಂದು ಬರೆದ. ಆಮೇಲೆ ಪೆನ್ಸಿಲನ್ನು ಹಾಗೇ ಹಿಡಿದುಕೊಂಡು, “ಹನ್ನೊಂದನೇ ಸುತ್ತಲ್ಲಿ ಸ್ವಲ್ಪ ಬಿಗಿ ಅನ್ನಿಸ್ತು. ನಿಂಗೆ?” ಅಂದ. ನಾನು ಹಿಡಿಕೆ ತೆಗೆದುಕೊಂಡು ಮತ್ತೆ ಇಳಿಸಿ, ಮತ್ತೆ ಎತ್ತಿದೆ. ಹೌದು, ಹನ್ನೊಂದರಲ್ಲಿ, ಇದೆಯೋ ಇಲ್ಲವೋ ಎನ್ನುವಷ್ಟು. ಬುಷ್ ಹೊಸದು, ಪಳಗುತ್ತಿರಬಹುದು. ಗೂಡಿನ ಗೋಡೆಯಲ್ಲಿ ಬಣ್ಣ ದಪ್ಪವಾಗಿ ಕೂತಿರಬಹುದು. ಒಂದು ಸಣ್ಣ ಕಲ್ಲೂ ಇರಬಹುದು. ಅವನು 28ರ ಪಕ್ಕದಲ್ಲಿ ಇನ್ನೂ ಸಣ್ಣ ಅಕ್ಷರದಲ್ಲಿ 11 ಎಂದು ಬರೆದು, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಪಕ್ಕದಲ್ಲಿ ತಾರೀಖು ಹಾಕಿದ.